ಭರಣಿಯೊಳಗಿನ ಗುಲಾಬಿ ಕಲ್ಲು

ನಮ್ಮ ಮನೆಯಲ್ಲಿ ಆ ಕಲ್ಲಿಗೆ ಉಪ್ಪಿನಕಾಯಿ ಗುಂಡು ಎಂದು ಹೆಸರು. ಮಾವಿನ ಮಿಡಿಯನ್ನು ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಪಿಂಗಾಣಿ ಭರಣಿಗೆ ತುಂಬಿದ ಮೇಲೆ, ಮಿಡಿ ಉಪ್ಪುನೀರಿನಿಂದ ಮೇಲೆದ್ದು ಕೆಡದಂತೆ ಅದುಮಿ ಹಿಡಿಯಲು ಅಜ್ಜಿ ಅದನ್ನು ಮೇಲಿಡುತ್ತಿದ್ದಳು. ದೊಡ್ಡ ಮೂಸಂಬಿಯಷ್ಟು ಗಾತ್ರ, ಒಂದು ಮಗ್ಗುಲು ಮಾತ್ರ ಸ್ವಲ್ಪ ಚಪ್ಪಟೆ. ಮದುವೆಯಾಗಿ ಬಸವನಗುಡಿಗೆ ಬರುವಾಗ ಅವಳು ಅದನ್ನು ತವರಿನಿಂದ ತಂದಿದ್ದಳು. ಅವಳ ತವರು ಆಂಧ್ರದ ಗಡಿಯ ಕಡೆ, ಎತ್ತ ನೋಡಿದರೂ ಬಂಡೆಯೇ ಕಾಣುವ ಸೀಮೆ. ಅಲ್ಲಿ ಅವಳ ಅಮ್ಮನೂ ಅಮ್ಮನ ಅತ್ತೆಯೂ ಇದೇ ಗುಂಡನ್ನು ಬಳಸಿದ್ದರಂತೆ. ಹಳ್ಳದಲ್ಲಿ ಉರುಳಿ ನುಣ್ಣಗಾದದ್ದೋ, ಹೆಂಗಸರ ಕೈಯಲ್ಲಿ ತಿಕ್ಕಿಸಿಕೊಂಡು ನುಣ್ಣಗಾದದ್ದೋ ಯಾರಿಗೂ ತಿಳಿಯದು. "ಬೇರೆಯವರಮ್ಮಂದಿರು ತವರಿಂದ ಬೆಳ್ಳಿ ಚೊಂಬು ತಂದ್ರೆ ನಮ್ಮಮ್ಮ ಕಲ್ಲು ತಂದ್ಲು" ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹಾಸ್ಯ ಮಾಡುತ್ತಿದ್ದರು, ಮಾಡುತ್ತಲೇ ಇನ್ನೊಂದು ಮಿಡಿ ಬಡಿಸಿಕೊಳ್ಳುತ್ತಿದ್ದರು.

ಕಾಲೇಜಿಗೆ ಹೋಗುವ ವಯಸ್ಸಾದರೂ ನಾನು ಆ ಗುಂಡನ್ನು ಮುಟ್ಟಿರಲಿಲ್ಲ. ಉಪ್ಪಿನಕಾಯಿ ಎಂದರೆ ಮಡಿ. ಸ್ನಾನ ಮಾಡಿ, ಮಡಿಬಟ್ಟೆಯುಟ್ಟು, ತೇವವಿಲ್ಲದ ಕೈಯಲ್ಲಿ ಅಜ್ಜಿಯೊಬ್ಬಳೇ ಉಗ್ರಾಣಕ್ಕೆ ಹೋಗಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕು. ನಾವೆಲ್ಲ ಹೊಸ್ತಿಲಿನಾಚೆ ನಿಲ್ಲಬೇಕು. ಅಮ್ಮನಿಗೂ ಅಲ್ಲಿ ಪ್ರವೇಶವಿರಲಿಲ್ಲ, ಏಕೆಂದರೆ ಅಮ್ಮ ಶಾಲೆಯಲ್ಲಿ ಟೀಚರಾಗಿದ್ದವಳು, ಊರಿನ ಮಕ್ಕಳನ್ನೆಲ್ಲ ಮುಟ್ಟಿ ಬರುವವಳು. ನನಗೆ ಈ ಮಡಿಯ ಮೇಲೆ ಚಿಕ್ಕಂದಿನಿಂದಲೂ ಕೆಟ್ಟ ಕೋಪ. ಹೊರಗಿನಿಂದ ಬಂದು ಓಡಿಹೋಗಿ ತಬ್ಬಿಕೊಳ್ಳೋಣವೆಂದರೆ "ದೂರ, ದೂರ" ಎನ್ನುವ ಅಜ್ಜಿ ಯಾರಿಗೆ ಬೇಕು? ಆದರೆ ಅವಳ ಉಪ್ಪಿನಕಾಯಿಗೆ ಎರಡು ವರ್ಷವಾದರೂ ಬೂಷ್ಟು ಬರುತ್ತಿರಲಿಲ್ಲ. ಆ ವಿಷಯದಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಿ.ಎಸ್ಸಿ.ಗೆ ಸೇರಿ ಭೂವಿಜ್ಞಾನ ತೆಗೆದುಕೊಂಡೆ. "ಕಲ್ಲು ಒಡೆಯೋಕೂ ಡಿಗ್ರಿ ಬೇಕೇನಮ್ಮಾ ಈಗ?" ಎಂದು ಎದುರುಮನೆಯವರು ಕೇಳಿದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಸೇರಿದ ಹೊಸದರಲ್ಲೇ ನಮ್ಮ ಮೇಡಂ ಒಂದು ಬೆಳಿಗ್ಗೆ ತರಗತಿಯನ್ನೆಲ್ಲ ಲಾಲ್‌ಬಾಗಿನ ಬಂಡೆಯ ಮೇಲೆ ಕೂರಿಸಿದರು. ನಾನು ಆ ಬಂಡೆಯ ಮೇಲೆ ಕಡಲೆಕಾಯಿ ತಿಂದು ಸಿಪ್ಪೆ ಎಸೆದವಳು, ಲಂಗ ಹರಿಯುವಂತೆ ಜಾರಿದವಳು. "ಅಂಗೈ ಊರಿ" ಎಂದರು ಮೇಡಂ. ಊರಿದೆವು. "ನಿಮ್ಮ ಕೈ ಕೆಳಗಿರೋದು ಸುಮಾರು ಮುನ್ನೂರು ಕೋಟಿ ವರ್ಷದ್ದು. ಆಗ ಭೂಮಿ ಮೇಲೆ ಮರ ಇಲ್ಲ, ಹುಲ್ಲಿಲ್ಲ, ಮೀನೂ ಇಲ್ಲ. ಇದು ಇತ್ತು." ಬಿಸಿಲು ಇನ್ನೂ ಏರಿರಲಿಲ್ಲ, ಬಂಡೆ ತಣ್ಣಗಿತ್ತು. ನನ್ನ ಪಕ್ಕದ ಹುಡುಗಿ ಬಿಂದಿ ಸರಿಮಾಡಿಕೊಳ್ಳುತ್ತಿದ್ದಳು. ನನಗೋ ಅಂಗೈ ಎತ್ತಲು ಮನಸ್ಸೇ ಬರಲಿಲ್ಲ. ದಿನಾ ತುಳಿದು ಓಡಾಡಿದ್ದ ನೆಲಕ್ಕೆ ಇಷ್ಟು ವಯಸ್ಸೆಂದು ಯಾರೂ ನನಗೆ ಹೇಳಿರಲೇ ಇಲ್ಲವಲ್ಲ ಎನ್ನಿಸಿತು.

ಬಂಡೆಯೊಳಗೆ ಅಲ್ಲಲ್ಲಿ ಬೆಳ್ಳಗೆ, ತೆಳುಗೆಂಪಗೆ ಪಟ್ಟೆಗಳು ಹಾದುಹೋಗಿದ್ದವು. ಮೇಡಂ ಅದನ್ನು ಅಡುಗೆಮನೆಯ ಮಾತಿನಲ್ಲೇ ವಿವರಿಸಿದರು. ನೆಲದಾಳದಲ್ಲಿ ಕರಗಿದ ಕಲ್ಲಿನ ಪಾಕ ನಿಧಾನವಾಗಿ ಆರುತ್ತದೆ. ಬೇಗ ಗಟ್ಟಿಯಾಗುವ ಖನಿಜಗಳೆಲ್ಲ ಮೊದಲು ಗಟ್ಟಿಯಾಗಿ ಕೂರುತ್ತವೆ. ಕೊನೆಗೆ ಉಳಿಯುವುದು ಒಂದಿಷ್ಟು ತೆಳ್ಳನೆಯ ರಸ, ನೀರಿನಂಶ ಹೆಚ್ಚಿರುವುದು, ಎಲ್ಲೂ ಸೇರದೆ ಉಳಿದ ಅಪರೂಪದ ಧಾತುಗಳೆಲ್ಲ ಸೇರಿಕೊಂಡಿರುವುದು. ಅದು ಸಿಕ್ಕ ಬಿರುಕಿಗೆ ನುಗ್ಗಿ ಅಲ್ಲಿ ತಣ್ಣಗೆ ಕೂತು, ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ ದೊಡ್ಡ ದೊಡ್ಡ ಹರಳಾಗುತ್ತದೆ. ಅಂಥ ಬಿರುಕಿನ ನಟ್ಟನಡುವೆ, ಎಲ್ಲಕ್ಕಿಂತ ಕೊನೆಗೆ, ಕೆಲವು ಕಡೆ ಮಾತ್ರ ಗುಲಾಬಿ ಬಣ್ಣದ ಸ್ಫಟಿಕ ಹುಟ್ಟುತ್ತದೆ. "ಬೆಂಗಳೂರಲ್ಲಿ ಹುಡುಕ್ಬೇಡಿ, ಸಿಗಲ್ಲ" ಎಂದು ಮೇಡಂ ನಕ್ಕರು.

ಕಾಲೇಜಿನ ಪ್ರಯೋಗಾಲಯದ ಮರದ ತಟ್ಟೆಯಲ್ಲಿ ಅದರ ಒಂದು ತುಂಡಿತ್ತು. ನೋಡಿದ ಕೂಡಲೇ ನನಗೆ ಬಾಯಲ್ಲಿ ನೀರೂರಿತು. ಇದೇನು ಹುಚ್ಚು, ಕಲ್ಲು ನೋಡಿದರೆ ಜೊಲ್ಲು ಸುರಿಯುತ್ತದಲ್ಲ ಎಂದುಕೊಂಡ ಮೇಲೆ ಹೊಳೆಯಿತು, ಈ ಬಣ್ಣವನ್ನು ನಾನು ಕಂಡದ್ದು ಹೊಸ್ತಿಲಿನಾಚೆಯಿಂದ, ಭರಣಿಯ ಬಾಯಲ್ಲಿ. ಪುಸ್ತಕ ತೆಗೆದು ಓದಿದೆ. ಗಾಜನ್ನೂ ಚಾಕುವನ್ನೂ ಗೀರುವಷ್ಟು ಗಡಸು. ಸಾಮಾನ್ಯ ಆಮ್ಲಗಳಿಗೆ ಜಗ್ಗುವುದಿಲ್ಲ. ಮೂಲೆ ಮುಖಗಳಿರುವ ಹರಳಾಗಿ ಬೆಳೆಯುವುದು ಬಲು ಅಪರೂಪ, ಸಾಮಾನ್ಯವಾಗಿ ಬರೀ ಮುದ್ದೆ. ಮಣಿ, ಪದಕ, ಬಟ್ಟಲು, ಬೊಂಬೆ ಮಾಡಲು ಬಳಸುತ್ತಾರೆ. ಕೊನೆಗೆ ಸಣ್ಣಕ್ಷರದಲ್ಲಿ ಒಂದು ವಾಕ್ಯವಿತ್ತು: ಕೆಲವು ಕಲ್ಲುಗಳನ್ನು ಗುಂಡಗೆ ನಯಮಾಡಿದಾಗ ಅದರಲ್ಲಿ ಆರು ಕಿರಣದ ನಕ್ಷತ್ರ ಕಾಣುವುದುಂಟು. ಉಪ್ಪಿನಕಾಯಿಗೆ ಬಳಸುತ್ತಾರೆಂದು ಎಲ್ಲೂ ಬರೆದಿರಲಿಲ್ಲ. ಆದರೆ ವರ್ಷಗಟ್ಟಲೆ ಉಪ್ಪಿನಲ್ಲೂ ಹುಳಿಯಲ್ಲೂ ಮುಳುಗಿದ್ದು ಒಂದಿಷ್ಟೂ ಸವೆಯದ ಕಲ್ಲನ್ನು ಆ ಬಂಡೆಸೀಮೆಯ ಹೆಂಗಸರು ಹೇಗೆ ಆರಿಸಿಕೊಂಡರೋ! ಸುಣ್ಣದಂಶದ ಕಲ್ಲಾಗಿದ್ದರೆ ಹುಳಿಗೆ ನೊರೆಯೆದ್ದು ಭರಣಿಯೇ ಹಾಳಾಗುತ್ತಿತ್ತು.

ಮಾರನೆಯ ದಿನವೇ ಉಗ್ರಾಣದ ಬಾಗಿಲಲ್ಲಿ ನಿಂತು ಕೇಳಿದೆ.

"ಅಜ್ಜಿ, ನಿನ್ನ ಗುಂಡು ಗುಲಾಬಿ ಬಣ್ಣ ಅಲ್ವಾ?"

"ಇತ್ತು, ನಾನು ಹುಡುಗಿಯಾಗಿದ್ದಾಗ. ಈಗ ಅರಿಶಿನ ಹಿಡಿದು ಹಳದಿಯಾಗೋಗಿದೆ" ಎಂದಳು. ನಾನು ನಂಬಲಿಲ್ಲ. ಅರಿಶಿನ ಹಿಡಿಯುವ ಕಲ್ಲಲ್ಲ ಅದು. ಒಮ್ಮೆ ಎತ್ತಿ ತೋರಿಸೆಂದು ಗೋಗರೆದೆ. ಅವಳು ಗೊಣಗುತ್ತ ಬಟ್ಟೆ ಬಿಚ್ಚಿ, ಗುಂಡನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ಎಳೆಮಗುವಿನ ಅಂಗಾಲಿನ ಬಣ್ಣ ನೆನೆಸಿಕೊಳ್ಳಿ, ಅದೇ.

"ಗುಲಾಬಿನೇ ಇದೆಯಲ್ಲ ಅಜ್ಜಿ."

"ನಿನ್ನ ತಲೆ. ಹಳದಿ. ಹಿತ್ತಾಳೆ ತರ ಇದೆ." ಅವಳು ಗುಂಡನ್ನು ಕಣ್ಣಿನ ಹತ್ತಿರಕ್ಕೆ, ಮೂಗಿಗೆ ತಾಗುವಷ್ಟು ಹತ್ತಿರಕ್ಕೆ ತಂದು ತಿರುಗಿಸಿ ತಿರುಗಿಸಿ ನೋಡಿದಳು. ಆಗ ನನಗೆ ಭಯವಾಯಿತು. ಬಣ್ಣ ಕೆಟ್ಟದ್ದು ಕಲ್ಲಿಗಲ್ಲ.

ಅಜ್ಜಿಗೆ ಕಣ್ಣಿನ ಪೊರೆ ಬಂದಿದೆಯೆಂದು ಅಮ್ಮ ಅಷ್ಟರಲ್ಲೇ ಅನುಮಾನಪಟ್ಟಿದ್ದಳು. ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತಿತ್ತು, ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿತ್ತು. ಈಗ ನನ್ನ ಮಾತು ಕೇಳಿ ಅಪ್ಪ ಆಪರೇಷನ್ ವಿಷಯ ಎತ್ತಿಯೇಬಿಟ್ಟರು. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಸ್ಪತ್ರೆಯೆಂದರೆ ಮೈಲಿಗೆ, ಎಷ್ಟೋ ದಿನ ತಲೆಗೆ ನೀರು ಹಾಕುವ ಹಾಗಿಲ್ಲ, ಒಲೆಯ ಮುಂದೆ ಕೂರುವ ಹಾಗಿಲ್ಲ, ದೇವರ ದೀಪ ಯಾರು ಹಚ್ಚಬೇಕು ಎಂದಳು. "ಕಣ್ಣು ಹೋದ್ಮೇಲೆ ದೀಪ ಹಚ್ಚಿ ಏನ್ಮಾಡ್ತೀಯಮ್ಮಾ?" ಎಂದು ಅಪ್ಪ ರೇಗಿದರು. ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಮಡಿಯ ಹಟವೆಂದು ನಾವೆಲ್ಲ ತಿಳಿದೆವು. ನಾನಂತೂ ಎರಡು ದಿನ ಮಾತೇ ಬಿಟ್ಟೆ.

ನಿಜವಾದ ಕಾರಣವನ್ನು ಅವಳು ನನಗೊಬ್ಬಳಿಗೇ ಹೇಳಿದಳು, ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ. ನಮ್ಮ ದೇವರಮನೆಗೆ ಅವಳು ಕೊನೆಯವರೆಗೂ ಕರೆಂಟು ಹಾಕಿಸಲು ಬಿಡಲಿಲ್ಲ. ಕಿಟಕಿಯೂ ಇಲ್ಲದ ಆ ಚಿಕ್ಕ ಕೋಣೆಯಲ್ಲಿ ಒಂದೇ ಒಂದು ಎಣ್ಣೆದೀಪ. ನಾನು ಹೊಸ್ತಿಲಿನಾಚೆ ಕಂಬಕ್ಕೊರಗಿ ಕೂತಿದ್ದೆ. ಅವಳು ಬತ್ತಿ ಹಚ್ಚಿ ಕೈಮುಗಿದು ಎಷ್ಟೋ ಹೊತ್ತು ಅದನ್ನೇ ನೋಡುತ್ತಿದ್ದಳು. ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಬೇರೆ ಹೊತ್ತಿನಲ್ಲಿ ಕಂಡಿರಲಿಲ್ಲ.

"ಯಾರಿಗೂ ಹೇಳ್ಬೇಡ. ನಾಲ್ಕೈದು ವರ್ಷ ಆಯ್ತು. ದೀಪದಿಂದ ಕಿರಣ ಬರತ್ತೆ ಕಣೇ. ಸುತ್ತಲೂ, ಗೋಡೆವರೆಗೂ. ಬಂಗಾರದ ಸರಿಗೆ ಎಳೆದ ಹಾಗೆ. ಮೊದಲು ಬರ್ತಿರ್ಲಿಲ್ಲ. ನಿಮ್ಮ ತಾತ ಹೋದ್ಮೇಲೆ ಶುರುವಾಯ್ತು. ಇಷ್ಟು ವರ್ಷ ಹಚ್ಚಿದ್ದಕ್ಕೆ ದೇವರು ಕಣ್ಬಿಟ್ಟು ನೋಡ್ತಿದಾನೆ ಅಂದ್ಕೊಂಡಿದೀನಿ" ಎಂದಳು. ಆಮೇಲೆ, ತೀರಾ ಮೆಲ್ಲಗೆ, "ಆಪರೇಷನ್ ಮಾಡಿ ಕಣ್ಣೊಳಗೆಲ್ಲ ಕೆರೆದ್ರೆ ಅದು ಹೋಗ್ಬಿಟ್ರೆ?" ಎಂದಳು.

ನಾನು ವಿಜ್ಞಾನದ ವಿದ್ಯಾರ್ಥಿನಿ. ಕಿರಣ ಎಲ್ಲಿಂದ ಬರುತ್ತಿದೆಯೆಂದು ನನಗೆ ಅರ್ಥವಾಯಿತು. ನನ್ನ ನಾಲಿಗೆಯೋ ಹರಿತ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಆ ಹೊತ್ತಿನಲ್ಲಿ ಅದು ಏಳಲಿಲ್ಲ. ತಾತ ಹೋದ ಮೇಲೆ ಅಜ್ಜಿ ತನ್ನದೆಂದು ಒಂದು ಸಂತೋಷವನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಇದೊಂದಿತ್ತು. ಇದನ್ನು ಉಳಿಸಿಕೊಳ್ಳಲು ಅವಳು ಕಣ್ಣನ್ನೇ ಬಿಡಲು ತಯಾರಾಗಿದ್ದಳು. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ನಾನು ಕಂಬವನ್ನು ಉಗುರಿನಿಂದ ಕೆರೆಯುತ್ತ ಕೂತೆ.

ಅವಳನ್ನು ಒಪ್ಪಿಸಿದ್ದು ನಾವಲ್ಲ, ಉಪ್ಪಿನಕಾಯಿ. ಆ ವರ್ಷ ದಸರಾ ಕಳೆದ ಮೇಲೆ ಭರಣಿ ತೆಗೆದಾಗ ಒಳಗೆ ಬೆಳ್ಳಗೆ ಬೂಷ್ಟು ಹರಡಿತ್ತು. ಎಲ್ಲೋ ಒಂದು ಹನಿ ನೀರು, ಎಲ್ಲೋ ಒಂದು ಕೊಳೆತ ಮಿಡಿ, ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ಬೂಷ್ಟು ಕೂಡ ಕಾಣಿಸಲಿಲ್ಲ, ವಾಸನೆಯಿಂದ ಗೊತ್ತಾಯಿತು. ಕೈಯಿಟ್ಟು ತಡವಿ, ಮೂಸಿ, ಹಾಗೇ ನೆಲದ ಮೇಲೆ ಕುಸಿದು ಕೂತಳು. ಅಮ್ಮ "ಹೋಗ್ಲಿ ಬಿಡಿ ಅತ್ತೆ, ಅಂಗಡಿಲಿ ಸಿಗತ್ತೆ" ಎಂದಳು. ಸಮಾಧಾನದ ಮಾತೇ, ಆದರೆ ಅದಕ್ಕಿಂತ ಕೆಟ್ಟ ಮಾತು ಆ ಹೊತ್ತಿಗೆ ಇನ್ನೊಂದಿರಲಿಲ್ಲ. ಅಜ್ಜಿ ತಾನೇ ಎಲ್ಲವನ್ನೂ ಹಿತ್ತಿಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಗುಂಡನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಉರುಳಿಸಿ, "ಕೇಳ್ತಿದ್ಯಲ್ಲ, ತಗೋ. ನಂಗ್ಯಾಕೆ ಇನ್ನು ಅದು" ಎಂದಳು. ರಾತ್ರಿ ಊಟಕ್ಕೆ ಬಡಿಸುವಾಗ ಅಪ್ಪನಿಗೆ "ಯಾವತ್ತು ಹೋಗ್ಬೇಕು ಆಸ್ಪತ್ರೆಗೆ?" ಎಂದು ಕೇಳಿದಳು.

ಹೀಗೆ ಗುಂಡು ನನ್ನ ಕೈಗೆ ಬಂತು. ತೊಳೆದು ಕೆನ್ನೆಗೆ ಒತ್ತಿಕೊಂಡೆ. ಗಾಜಾದರೆ ಮೈಬಿಸಿಗೆ ಬೇಗ ಬೆಚ್ಚಗಾಗುತ್ತದೆ, ಇದು ತಣ್ಣಗೇ ಇತ್ತು. ಕಾಲೇಜಿಗೆ ಒಯ್ದೆ. ಮೇಡಂ ಹಳೆಯ ಗಾಜಿನ ಚೂರೊಂದನ್ನು ಅದರ ಚಪ್ಪಟೆ ಮಗ್ಗುಲಿಗೆ ಉಜ್ಜಿದರು. ಗೀರು ಬಿದ್ದದ್ದು ಗಾಜಿಗೆ. ಒಂದು ಹನಿ ಆಮ್ಲ ಬಿಟ್ಟರು, ನೊರೆ ಬರಲಿಲ್ಲ. "ಇದನ್ನ ಉಪ್ಪಿನಕಾಯಿಗೆ ಹಾಕ್ತಿದ್ರಾ?" ಎಂದು ಎರಡೆರಡು ಸಲ ಕೇಳಿದರು. ನಕ್ಷತ್ರದ ಆಸೆಯಿಂದ ನಾವಿಬ್ಬರೂ ಟ್ಯೂಬ್‌ಲೈಟಿನ ಕೆಳಗೆ ಅದನ್ನು ತಿರುಗಿಸಿ ನೋಡಿದೆವು. ಏನೂ ಕಾಣಲಿಲ್ಲ. "ಎಲ್ಲಾ ಕಲ್ಲಲ್ಲೂ ಇರಲ್ಲ" ಎಂದು ಮೇಡಂ ನನ್ನ ಮುಖ ನೋಡಿ ಸಮಾಧಾನ ಹೇಳಿದರು. ನಾನು ಅದನ್ನು ಮನೆಗೆ ತಂದು ನನ್ನ ಮೇಜಿನ ಮೇಲಿಟ್ಟುಕೊಂಡೆ. ಅಪ್ಪನ ಕೈಗಡಿಯಾರದ ಮೇಲೆ ಕ್ವಾರ್ಟ್ಜ್ ಎಂದು ಬರೆದಿರುತ್ತಿತ್ತಲ್ಲ, ಅದರೊಳಗಿನ ಸಣ್ಣ ಹರಳೂ ಈ ಗುಂಡೂ ಒಂದೇ ಜಾತಿಯ ಸ್ಫಟಿಕ ಎಂದು ನಾನು ಹೇಳಿದಾಗ ಅಪ್ಪ ಗಡಿಯಾರ ಬಿಚ್ಚಿ ಕಿವಿಗಿಟ್ಟುಕೊಂಡರು.

ಕಣ್ಣಾಸ್ಪತ್ರೆಗೆ ಅಜ್ಜಿಯ ಜೊತೆ ಅಪ್ಪನೂ ನಾನೂ ಹೋದೆವು. ಡಾಕ್ಟರು ಒಳ್ಳೆಯವರು, ಮಾತು ಮೃದು. ಬೆಳಕು ಬಿಟ್ಟು ಪರೀಕ್ಷೆ ಮಾಡುತ್ತ ಕೇಳಿದರು.

"ದೀಪ ನೋಡಿದ್ರೆ ಸುತ್ತ ಕಡ್ಡಿಕಡ್ಡಿಯಾಗಿ ಕಾಣತ್ತಾ ಅಜ್ಜಿ?"

ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಹೇಳಿಬಿಟ್ಟೆನೇನೋ ಎಂಬ ಅನುಮಾನ ಆ ನೋಟದಲ್ಲಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಎಲ್ಲರಿಗೂ ಹಾಗೇನೇ. ಪೊರೆ ಕಟ್ಟಿದೆಯಲ್ಲ, ಅದರೊಳಗೆ ಬೆಳಕು ಚದುರತ್ತೆ. ತೆಗೆದ್ಮೇಲೆ ಏನೂ ಇರಲ್ಲ, ಕ್ಲಿಯರ್ ಆಗೋಗತ್ತೆ" ಎಂದು ಡಾಕ್ಟರು ಬೆನ್ನು ತಟ್ಟಿದರು. ಅವರ ಪಾಲಿಗೆ ಅದು ಸಂತೋಷದ ಸುದ್ದಿ. ವಾಪಸು ಬರುವಾಗ ಆಟೋದಲ್ಲಿ ಅಜ್ಜಿ ಒಂದೇ ಮಾತು ಆಡಿದಳು. "ಎಲ್ಲರಿಗೂ ಹಾಗೇನಂತೆ." ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ರಸ್ತೆ ನೋಡುತ್ತ ಕೂತಳು. ನನಗೆ ಡಾಕ್ಟರ ಮೇಲೆ, ನನ್ನ ಓದಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಕೆಲವು ತಿಂಗಳು ಬಿಟ್ಟು ಮಾಡೋಣವೆಂದರು. ಪಟ್ಟಿ ಬಿಚ್ಚಿದ ದಿನ ಅಜ್ಜಿ ಅಮ್ಮನ ಸೀರೆಯ ಬಣ್ಣ ಹೇಳಿದಳು, ಅಪ್ಪನ ತಲೆ ನೆರೆತದ್ದನ್ನು ಹೇಳಿದಳು, ನನ್ನ ಮುಖದ ಮೊಡವೆಯನ್ನೂ ಬಿಡಲಿಲ್ಲ. ನಾವೆಲ್ಲ ನಕ್ಕೆವು. ಒಲೆಯ ಹತ್ತಿರ, ದೀಪದ ಹತ್ತಿರ ಹೋಗಲು ಅನುಮತಿ ಸಿಕ್ಕ ದಿನ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ದೇವರಮನೆಗೆ ಹೋಗಿ ದೀಪ ಹಚ್ಚಿದಳು. ನಾನು ಕಂಬದ ಬಳಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ.

"ಬರೀ ಬತ್ತಿ" ಎಂದಳು.

ಅವಳು ಅತ್ತಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಅಳಲಿಲ್ಲ. ಅಂಗೈಯಿಂದ ಹೊಸ ಕಣ್ಣನ್ನು, ಆಪರೇಷನ್ ಆದ ಬಲಗಣ್ಣನ್ನು ಮುಚ್ಚಿಕೊಂಡಳು. ಪೊರೆಯಿದ್ದ ಎಡಗಣ್ಣೊಂದರಲ್ಲೇ ದೀಪ ನೋಡುತ್ತ ಕೂತಳು. ಅವಳ ಕಿರಣಗಳು ಅಲ್ಲಿ ಇನ್ನೂ ಇದ್ದವು. ಅಂದಿನಿಂದ ಪ್ರತಿ ಸಂಜೆಯೂ ಹಾಗೆಯೇ. ಅದು ಬರೀ ಪೊರೆಯೆಂದು ಈಗ ಅವಳಿಗೂ ಗೊತ್ತು, ಗೊತ್ತಿದ್ದೂ ಕೈ ಮೇಲೇಳುತ್ತಿತ್ತು. ಎಡಗಣ್ಣಿನ ಆಪರೇಷನ್ ಮಾತೆತ್ತಿದರೆ "ಒಂದು ಕಣ್ಣು ಸಾಕು" ಎಂದು ಎದ್ದು ಹೋಗುತ್ತಿದ್ದಳು. ಹಾಗೇ ಬಹಳ ದಿನ ಬಿಟ್ಟರೆ ಆ ಪೊರೆ ತೀರಾ ಗಟ್ಟಿಯಾಗಿ ಕಣ್ಣಿಗೇ ಅಪಾಯವೆಂದು ಡಾಕ್ಟರು ಎಚ್ಚರಿಸಿದರು. ಮನೆಯಲ್ಲಿ ಮತ್ತೆ ಜಗಳ ಶುರುವಾಯಿತು. ಕಾರಣ ಗೊತ್ತಿದ್ದವಳು ನಾನೊಬ್ಬಳೇ, ನಾನು ಯಾರ ಕಡೆಯೂ ಮಾತಾಡಲಿಲ್ಲ.

ಚಳಿಗಾಲ ಕಳೆದು ಗಾಂಧಿಬಜಾರಿನಲ್ಲಿ ಮಿಡಿ ಬಂತು. ಹೆಂಗಸರು ಬುಟ್ಟಿಯ ಸುತ್ತ ಕೂತು ತೊಟ್ಟು ಮುರಿದು, ಸೊನೆಯ ವಾಸನೆ ಮೂಸಿ ಆರಿಸುತ್ತಿದ್ದರು. ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಹೊಸ ಕಣ್ಣಿನಿಂದ ಅವಳು ಒಂದೊಂದು ಮಿಡಿಯನ್ನೂ ಜರಡಿ ಹಿಡಿದಳು, ಮಾರುವವಳು ಬೇಸತ್ತು ಹೋದಳು. ಮನೆಗೆ ಬಂದು, "ಆ ಗುಂಡು ಎಲ್ಲಿಟ್ಟಿದೀಯ? ಕೊಡು. ಮಿಡಿ ಮೇಲೆ ಭಾರ ಬೇಡ್ವಾ?" ಎಂದಳು.

ತಂದು ನೆಲದ ಮೇಲಿಟ್ಟೆ. ಅವಳು ಬಗ್ಗಿ ನೋಡಿದಳು, ನೋಡುತ್ತಲೇ ಇದ್ದಳು.

"ಗುಲಾಬಿ" ಎಂದಳು. "ನಮ್ಮಮ್ಮನ ಕೈಲಿದ್ದಾಗ ಹೀಗೇ ಇತ್ತು."

"ನಾನು ಹೇಳಿದ್ದೆ" ಎಂದೆ. ಇಂಥ ಕಡೆಯೂ ಗೆಲ್ಲಬೇಕೆನ್ನುವ ಬುದ್ಧಿ ನನ್ನದು.

ಆ ಬಣ್ಣ ಎಲ್ಲಿಂದ ಬರುತ್ತದೆಂದು ಆಗ ನಮ್ಮ ಪುಸ್ತಕಗಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ಪುಸ್ತಕ ಮ್ಯಾಂಗನೀಸ್ ಎನ್ನುತ್ತಿತ್ತು, ಇನ್ನೊಂದು ಟೈಟಾನಿಯಂ. ನಾನು ಪಾಠ ಹೇಳಲು ಶುರುಮಾಡಿದ ಎರಡು ಸಾವಿರದ ದಶಕದಲ್ಲಿ ಹೊಸ ಉತ್ತರ ಬಂತು. ಇಂಥ ಮುದ್ದೆ ಕಲ್ಲುಗಳಲ್ಲಿ ಸ್ಫಟಿಕಕ್ಕೆ ಬಣ್ಣವೇ ಇಲ್ಲವಂತೆ. ಅದರೊಳಗೆ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ, ಬೋರಾನ್ ಇರುವ ಇನ್ನೊಂದು ಖನಿಜದ ಗುಲಾಬಿ ಎಳೆಗಳು ಲೆಕ್ಕವಿಲ್ಲದಷ್ಟು ಹೆಣೆದುಕೊಂಡಿರುತ್ತವೆ. ಕಲ್ಲಿಗೆ ಬಣ್ಣ ಕೊಡುವುದೂ ಅವೇ, ಅದನ್ನು ಮಂಜುಮಂಜಾಗಿಸುವುದೂ ಅವೇ. ಆ ಕೊನೆಯ ರಸದಲ್ಲಿ ಎಲ್ಲೂ ಸೇರದೆ ಉಳಿದ ಧಾತುಗಳು ಹೋಗಿ ಸೇರಿದ್ದು ಅಲ್ಲಿಗೆ.  ಅಷ್ಟರಲ್ಲಿ ಡಿ.ವಿ.ಜಿ. ರಸ್ತೆಯ ಅಂಗಡಿಗಳಲ್ಲೂ ಈ ಕಲ್ಲಿನ ಬಳೆ, ಸರ ನೇತಾಡುತ್ತಿದ್ದವು. ಕಟ್ಟಿಕೊಂಡರೆ ಪ್ರೀತಿ ಒಲಿಯುತ್ತದೆ, ಎದೆನೋವು ವಾಸಿಯಾಗುತ್ತದೆ ಎಂದು ಹೇಳಿ ಮಾರುತ್ತಿದ್ದರು. ಕಲ್ಲು ಅಂಥ ಕೆಲಸ ಮಾಡುತ್ತದೆಂದು ನಾನು ನಂಬುವುದಿಲ್ಲ. ಆದರೆ ಅದು ಒಂದು ಸಲ ಏನು ಮಾಡಿತೆಂದು ನನ್ನ ಕಣ್ಣಾರೆ ಕಂಡಿದ್ದೇನೆ.

ಮಿಡಿ ತಂದ ಮಾರನೆಯ ದಿನ ಅದು. ಕಾಲೇಜು ಮುಗಿಸಿ, ಕಿಕ್ಕಿರಿದ ಬಸ್ಸಿನಲ್ಲಿ ನಿಂತು, ಬೆವರಿಳಿಸಿಕೊಂಡು ಮನೆಗೆ ಬಂದೆ. ದೀಪ ಹಚ್ಚುವ ಹೊತ್ತು. ಅಮ್ಮ ತರಕಾರಿಗೆ ಹೋಗಿದ್ದಳು, ಮನೆಯಲ್ಲಿ ಅಜ್ಜಿಯೊಬ್ಬಳೇ. ಗುಂಡನ್ನು ಭರಣಿಗಿಡುವ ಮುಂಚೆ ಮಾಡುವ ಕೆಲಸವೊಂದಿತ್ತು, ಅವಳ ತವರಿನವರ ಪದ್ಧತಿ. ಹುಣಿಸೆಹುಳಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಕೊನೆಗೆ ಎಳ್ಳೆಣ್ಣೆ ಸವರಬೇಕು. ನೀರಿನ ಪಸೆ ಉಳಿಯಬಾರದೆಂದು ಹಾಗೆ. ಆ ಸಂಜೆ ಅವಳು ಎಣ್ಣೆಯ ಬಟ್ಟಲನ್ನೂ ಗುಂಡನ್ನೂ ದೇವರಮನೆಗೇ ಒಯ್ದು ದೀಪದ ಮುಂದೆ ಕೂತು ಸವರುತ್ತಿದ್ದಳು. ನಾನು ನಡುಮನೆಗೆ ಕಾಲಿಟ್ಟಾಗ ಅವಳ ದನಿ ಕೇಳಿಸಿತು.

"ಯಾರದು? ನೀನಾ? ಬಾ ಇಲ್ಲಿ."

ನಾನು ಹೊಸ್ತಿಲ ಬಳಿ ನಿಂತೆ. ಅವಳು ಬೆನ್ನು ತಿರುಗಿಸಿ ಕೂತಿದ್ದಳು, ತಿರುಗಿ ನೋಡಲಿಲ್ಲ.

"ಒಳಗೆ ಬಾ."

"ಬಸ್ಸಲ್ಲಿ ಬಂದಿದೀನಿ ಅಜ್ಜಿ. ಮೈಲಿಗೆ."

"ಇರ್ಲಿ. ಬಾ ಅಂದ್ನಲ್ಲ."

ಅವಳ ದನಿ ನಡುಗುತ್ತಿತ್ತು. ಹೊಸ ಕಣ್ಣಿಗೇ ಏನೋ ಆಯಿತೆಂದುಕೊಂಡೆ. ಹುಟ್ಟಿದಾಗಿನಿಂದ ಮೈಲಿಗೆಯಲ್ಲಿ ದಾಟದಿದ್ದ ಆ ಹೊಸ್ತಿಲನ್ನು ದಾಟಿ ಒಳಗೆ ಹೋಗಿ ಅವಳ ಪಕ್ಕ ಮಂಡಿಯೂರಿದೆ. ಅವಳ ಒಂದು ಅಂಗೈಯಲ್ಲಿ ಎಣ್ಣೆ ಸವರಿದ ಗುಂಡಿತ್ತು. ಇನ್ನೊಂದು ಅಂಗೈ ಕಣ್ಣಿನ ಮೇಲಿತ್ತು. ಎಂದಿನಂತೆ ಬಲಗಣ್ಣನ್ನಲ್ಲ, ಪೊರೆಯಿದ್ದ ಎಡಗಣ್ಣನ್ನು ಮುಚ್ಚಿಕೊಂಡಿದ್ದಳು.

"ನನ್ನ ಕಣ್ಣು ಮತ್ತೆ ಹೋಯ್ತೇನೋ ಗೊತ್ತಿಲ್ಲ. ಇದನ್ನ ನೋಡು. ನಿಂಗೂ ಕಾಣತ್ತಾ?"

ನಾನು ಅವಳ ಭುಜಕ್ಕೆ ತಲೆ ತಾಗಿಸಿ ಅವಳು ನೋಡುತ್ತಿದ್ದ ಕಡೆಯಿಂದಲೇ ನೋಡಿದೆ. ಮೊದಲು ಬರೀ ಎಣ್ಣೆಯ ಮಿನುಗು. ಅವಳು ಗುಂಡನ್ನು ಒಂದಿಷ್ಟು ವಾಲಿಸಿದಳು. ಗುಲಾಬಿ ಮಂಜಿನೊಳಗಿನಿಂದ ಒಂದು ನಕ್ಷತ್ರ ಎದ್ದುಬಂತು. ನಡುವೆ ದೀಪದ ಬಿಂದು, ಅಲ್ಲಿಂದ ಆರು ಕಿರಣ, ತೆಳ್ಳಗೆ, ಗುಂಡಿನ ಮೈಯುದ್ದಕ್ಕೂ ಹರಿದಿದ್ದವು. ಅವಳು ಕೈ ಅಲುಗಿಸಿದರೆ ಅದು ಕಲ್ಲಿನ ಮೇಲೆ ಜಾರಿ ಇನ್ನೊಂದು ಕಡೆಗೆ ಹೋಗುತ್ತಿತ್ತು. ಎಲ್ಲೂ ಅಂಟಿಕೊಳ್ಳದೆ, ಎಲ್ಲೂ ಆರದೆ, ದೀಪವನ್ನು ಹಿಂಬಾಲಿಸುತ್ತಿತ್ತು. ಟ್ಯೂಬ್‌ಲೈಟಿನ ಉದ್ದ ಬೆಳಕಿಗೆ ಅದು ಏಳುವುದಿಲ್ಲ, ಅದಕ್ಕೆ ಬೇಕಾದದ್ದು ಕತ್ತಲೂ ಒಂದೇ ಒಂದು ಕುಡಿಯೂ ಎಂದು ನನಗೆ ಆಗ ತಿಳಿಯಿತು. ಎಣ್ಣೆ ಅದರ ಮೈಮೇಲಿನ ಸೂಕ್ಷ್ಮ ಒರಟನ್ನು ಮುಚ್ಚಿತ್ತು. ಎಳೆಗಳು ಮೂರು ದಿಕ್ಕಿಗೆ ಸಾಲಾಗಿ ಮಲಗಿ ಬೆಳಕನ್ನು ಹೀಗೆ ಚದುರಿಸುತ್ತವೆಂಬುದು ಆಮೇಲಿನ ಓದು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓದಿನ ಒಂದಕ್ಷರವೂ ಇರಲಿಲ್ಲ.  ಮನುಷ್ಯರೇ ಇಲ್ಲದಿದ್ದ ಕಾಲದಿಂದ ಈ ನಕ್ಷತ್ರ ಇದರೊಳಗಿತ್ತು, ನಮ್ಮ ಉಗ್ರಾಣದ ಕತ್ತಲಲ್ಲಿ, ಮಿಡಿಯ ಮೇಲೆ, ಇಷ್ಟು ವರ್ಷ.

"ಹೇಳೇ, ಕಾಣತ್ತಾ?"

"ಕಾಣ್ತಿದೆ ಅಜ್ಜಿ."

"ಎಷ್ಟು ಕಿರಣ?"

"ಆರು."

ಅವಳು ಎಣಿಸಿದಳು. ನಿಧಾನವಾಗಿ, ತುಟಿ ಅಲುಗಿಸುತ್ತ, ಎರಡು ಸಲ. ಆಮೇಲೆ ಎಡಗಣ್ಣಿನ ಮೇಲಿದ್ದ ಕೈ ತೆಗೆದು ಆ ಕೈಯಿಂದಲೇ ನನ್ನ ಕೈ ಹಿಡಿದುಕೊಂಡಳು. ಬಸ್ಸಿನ ಕಂಬಿ ಹಿಡಿದು ಬಂದಿದ್ದ ಕೈ, ತೊಳೆದಿರಲೂ ಇಲ್ಲ.

"ಹಾಗಾದ್ರೆ ಇದು ನನ್ನ ಕಣ್ಣಲ್ಲಿರೋದಲ್ಲ" ಎಂದಳು. ಗುಂಡನ್ನು ದೀಪದ ಮುಂದಿಟ್ಟು, "ಆ ಇನ್ನೊಂದು ಕಣ್ಣಿಗೆ ಯಾವತ್ತು ಅಂತ ಕೇಳ್ಕೊಂಡು ಬಾ ಅನ್ನು ನಿಮ್ಮಪ್ಪಂಗೆ" ಎಂದಳು.

ಹೊರಗೆ ಗೇಟಿನ ಸದ್ದಾಯಿತು, ಅಮ್ಮ ತರಕಾರಿ ಚೀಲ ಹಿಡಿದು ಬಂದಳು. ನಾನು ಏಳಲು ನೋಡಿದೆ. ಅಜ್ಜಿ ನನ್ನ ಕೈ ಬಿಡಲಿಲ್ಲ.